ತಡಿಯಂಡಮೋಳ್‌ಗೆ ಗೈಡ್ ಬೇಕು: ಸರ್ಟಿಫಿಕೇಟ್ ಇದ್ದವನೋ, ಬೆಟ್ಟದಲ್ಲೇ ಬೆಳೆದವರೋ?

ಕಕ್ಕಬ್ಬೆ ತೋಟದವ (ಭಾನುವಾರ ರಾತ್ರಿ)

ನಮ್ಮದು ಕೊಡಗಿನ ಕಕ್ಕಬ್ಬೆ ಹತ್ತಿರ ಸಣ್ಣ ಹೋಂಸ್ಟೇ. ನಾಲ್ಕು ರೂಮು, ಸುತ್ತ ಕಾಫಿ, ಮೆಣಸು. ಬರುವವರಲ್ಲಿ ಅರ್ಧಕ್ಕರ್ಧ ಜನ ತಡಿಯಂಡಮೋಳ್ ಬೆಟ್ಟ ಹತ್ತಲೆಂದೇ ಬರುತ್ತಾರೆ. ಇಷ್ಟು ವರ್ಷ ಪಕ್ಕದ ತೋಟದ ಹುಡುಗ ಜೊತೆಗೆ ಹೋಗುತ್ತಿದ್ದ. ಅವನಿಗೆ ಈಗ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ.

ಈ ಸೀಸನ್‌ಗೆ ಇಬ್ಬರು ಕೇಳಿಕೊಂಡು ಬಂದಿದ್ದಾರೆ. ಒಬ್ಬ ಹಾಸನದ ಕಡೆಯ ಹುಡುಗ, 26 ವರ್ಷ. ಉತ್ತರಕಾಶಿಯಲ್ಲಿ ಪರ್ವತಾರೋಹಣದ ಬೇಸಿಕ್ ಮತ್ತು ಅಡ್ವಾನ್ಸ್ಡ್ ಕೋರ್ಸ್ ಎರಡನ್ನೂ ಮಾಡಿದ್ದಾನೆ. 'ಎ' ಗ್ರೇಡ್ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ತಂದಿದ್ದ. ಇನ್ನೊಬ್ಬರು ಇಲ್ಲಿಯವರೇ, ಬೆಟ್ಟದ ಬುಡದ ಕುಡಿಯ ಬುಡಕಟ್ಟಿನವರು. ವಯಸ್ಸು ನಲವತ್ತೈದು ದಾಟಿದೆ. ಜೇನು ತೆಗೆಯುವುದು, ಬೈನೆ ಮರದಿಂದ ಕಳ್ಳು ಇಳಿಸುವುದು ಗೊತ್ತು. ಸೀಸನ್‌ನಲ್ಲಿ ನಮ್ಮ ತೋಟದಲ್ಲೇ ಕಾಫಿ ಕೊಯ್ಯುತ್ತಾರೆ. ಶಾಲೆ ಬಿಟ್ಟಿದ್ದು ಐದನೇ ಕ್ಲಾಸಿಗೆ.

ಇಬ್ಬರನ್ನೂ ಇಟ್ಟುಕೊಳ್ಳುವಷ್ಟು ವ್ಯಾಪಾರ ನನಗಿಲ್ಲ. ಬೆಟ್ಟದ ಗೈಡ್ ಅಂದರೆ ನಿಜಕ್ಕೂ ಏನು ಕಲಿತಿರಬೇಕು? ತಿಳಿದವರು ಹೇಳಿ.

ಶನಿವಾರದ ಚಾರಣಿಗ, ಬೆಂಗಳೂರು

ಸರ್, ಮೊದಲು ನನ್ನ ಕಥೆ ಕೇಳಿ. 2023ರ ಡಿಸೆಂಬರ್‌ನಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತಿದೆ. ಕರೆದುಕೊಂಡು ಹೋದವರ ಹೆಸರು ಬೇಡ. ನಾವು 28 ಜನ, ಇಬ್ಬರು 'ಟ್ರೆಕ್ ಲೀಡರ್'. ಒಬ್ಬ ಮುಂದೆ, ಒಬ್ಬ ಹಿಂದೆ ಅಂತ ಹೇಳಿದ್ದರು. ಕಲ್ಲುಮಂಟಪ ದಾಟುವಾಗ ಇಬ್ಬರೂ ಮುಂದೆ ಇದ್ದರು! ಮಂಜು ಇಳಿಯಿತು. ಹಿಂದೆ ಉಳಿದ ನಾವು ಆರು ಜನ ಯಾವುದೋ ಚೆಂದದ ಕಾಲುದಾರಿ ಹಿಡಿದು ನಡೆದೇ ನಡೆದೆವು. ಎರಡು ಗಂಟೆ ಆದ ಮೇಲೆ ಬೇರೆ ಗುಂಪಿನವರ ಕೂಗು ಕೇಳಿ ವಾಪಸ್ ಬಂದೆವು.

ಲೀಡರ್ ಹುಡುಗನ ಟೀ ಶರ್ಟ್ ಬೆನ್ನಿನ ಮೇಲೆ 'ಸರ್ಟಿಫೈಡ್' ಅಂತ ದೊಡ್ಡದಾಗಿ ಬರೆದಿತ್ತು. ಏನಪ್ಪಾ ಸರ್ಟಿಫಿಕೇಟು ಅಂತ ಕೇಳಿದೆ. ಟೀ ಶರ್ಟ್ ಆಫೀಸಿನಲ್ಲಿ ಕೊಟ್ಟಿದ್ದು ಅಂದ. ಅವನೂ ಆ ಬೆಟ್ಟಕ್ಕೆ ಬಂದಿದ್ದು ಅದೇ ಮೊದಲ ಸಲವಂತೆ.

ಮ್ಯಾಪ್ ಸಾಕು

ತಡಿಯಂಡಮೋಳ್‌ಗೆ ಗೈಡ್ ಯಾಕೆ ಸ್ವಾಮಿ? ನಾಲ್ಕುನಾಡು ಅರಮನೆಯಿಂದ ಅರ್ಧ ದಾರಿ ಜೀಪ್ ಹೋಗುವಂಥದ್ದೇ ಇದೆ. ಒಟ್ಟು 1,748 ಮೀಟರ್. ಫೋನಲ್ಲಿ ಮ್ಯಾಪ್ ಇಳಿಸಿಕೊಂಡರೆ ಆಯಿತು. ಸುಮ್ನೆ ದುಡ್ಡು ದಂಡ.

ಇರ್ಪು ಕಡೆಯವನು

ಮ್ಯಾಪ್‌ನಲ್ಲಿ ಆನೆ ಎಲ್ಲಿ ನಿಂತಿದೆ ಅಂತ ತೋರಿಸುತ್ತದಾ ಅಣ್ಣ?

ಮಾಜಿ ಸೈನಿಕ, ವಿರಾಜಪೇಟೆ

ತೋಟದವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಸೇನೆಯಲ್ಲಿ 22 ವರ್ಷ ಇದ್ದೆ. ಅದರಲ್ಲಿ ಜಾಸ್ತಿ ದಿನ ಕಳೆದಿದ್ದು ಹಿಮದಲ್ಲಿ.

ನಮ್ಮ ದೇಶದಲ್ಲಿ ಪರ್ವತದ ಕೆಲಸ ಕಲಿಸುವ ದೊಡ್ಡ ಸಂಸ್ಥೆಗಳು ಕೆಲವೇ ಇವೆ. ಡಾರ್ಜಿಲಿಂಗ್‌ನದ್ದು ಎಲ್ಲಕ್ಕಿಂತ ಹಳೆಯದು. 1953ರಲ್ಲಿ ತೇನ್ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದರಲ್ಲ, ಮರುವರ್ಷವೇ ಅದು ಶುರುವಾಯಿತು. ತೇನ್ಸಿಂಗ್ ಅವರೇ ಅಲ್ಲಿ ಬೆಟ್ಟದ ಮೇಲಿನ ತರಬೇತಿಯ ಮೊದಲ ನಿರ್ದೇಶಕರು. ಉತ್ತರಕಾಶಿಯ ನೆಹರು ಸಂಸ್ಥೆ 1965ರದ್ದು. ಮನಾಲಿ, ಪಹಲ್ಗಾಮ್, ಅರುಣಾಚಲದ ದಿರಾಂಗ್‌ನಲ್ಲೂ ಇವೆ. ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಅದರಲ್ಲಿ 'ಎ' ಗ್ರೇಡ್ ಬಂದರೆ ಮಾತ್ರ ಅಡ್ವಾನ್ಸ್ಡ್. ಆಮೇಲೆ ಹುಡುಕಾಟ ಮತ್ತು ರಕ್ಷಣೆಯ ಕೋರ್ಸ್ ಬೇರೆ, ಬೇರೆಯವರಿಗೆ ಕಲಿಸುವುದು ಹೇಗೆ ಅನ್ನುವ ಕೋರ್ಸ್ ಬೇರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬೇಸಿಕ್, ಅಡ್ವಾನ್ಸ್ಡ್ ಎರಡೂ ಹತ್ತುವವನಿಗೆ ಇರುವ ಕೋರ್ಸ್. ಜನರನ್ನು ಕರೆದುಕೊಂಡು ಹೋಗುವ ಲೈಸೆನ್ಸ್ ಅಲ್ಲ. ಹಾಸನದ ಹುಡುಗ ಗಟ್ಟಿ, ಶಿಸ್ತಿನವನು, ಹಗ್ಗ ಗೊತ್ತು ಅಂತ ಆ ಕಾಗದ ಹೇಳುತ್ತದೆ. ಮೊಣಕಾಲು ನೋವಿನ ಅತ್ತೆ, ಶೂ ಕಚ್ಚುವ ಮಗು, ಹಠ ಮಾಡುವ ಗಂಡ, ಈ ಮೂವರನ್ನೂ ಸಂಭಾಳಿಸುತ್ತಾನೆ ಅಂತ ಹೇಳುವುದಿಲ್ಲ.

ಯುರೋಪಿನ ಕಡೆ ಪರ್ವತ ಗೈಡ್ ಅಂದರೆ ವರ್ಷಗಟ್ಟಲೆ ತರಬೇತಿ. ಬಂಡೆ, ಮಂಜುಗಡ್ಡೆ, ಹಿಮದ ಮೇಲೆ ಸ್ಕೀ, ಎಲ್ಲದರಲ್ಲೂ ಪಾಸಾಗಬೇಕು. ಹತ್ತಿದ ಬೆಟ್ಟಗಳ ಲೆಕ್ಕ ಪುಸ್ತಕದಲ್ಲಿ ಬರೆದು ತೋರಿಸಬೇಕು. ನಮ್ಮಲ್ಲಿ ಒಂದು ವಾಟ್ಸಾಪ್ ಗುಂಪು, ಒಂದು ಟೀ ಶರ್ಟ್.

ನಮ್ಮ ರಾಜ್ಯದ ಸಾಹಸ ಅಕಾಡೆಮಿಗೆ ಇಟ್ಟಿರುವ ಹೆಸರು ನಮ್ಮ ಜನರಲ್ ತಿಮ್ಮಯ್ಯ ಅವರದ್ದು. ಮಡಿಕೇರಿಯವರು, ಅವರು ಬೆಳೆದ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ. 1948ರಲ್ಲಿ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿ ಮೇಲಕ್ಕೆ, ಟ್ಯಾಂಕ್ ಹತ್ತಿಸಿದವರು. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲು ಆಗಲಿಲ್ಲ.

ನಿಮಗೆ ಒಂದು ಪರೀಕ್ಷೆ ಹೇಳುತ್ತೇನೆ. ಇಬ್ಬರ ಜೊತೆಗೂ ಬೇರೆ ಬೇರೆ ದಿನ ಬೆಟ್ಟಕ್ಕೆ ಹೋಗಿ. ನೀವು ಕೊನೆಯಲ್ಲಿ ನಡೆಯಿರಿ, ಬೇಕಂತಲೇ ನಿಧಾನ ಮಾಡಿ. ಗಂಟೆಗೆ ಎಷ್ಟು ಸಲ ತಿರುಗಿ ನೋಡುತ್ತಾರೆ ಅಂತ ಎಣಿಸಿ.

ಸೋಮವಾರಪೇಟೆ ಹುಡುಗಿ

ವಿರಾಜಪೇಟೆಯ ಸುಬೇದಾರ್ ಸರ್ ಹೇಳಿದ್ದು ಸರಿ. ನಾನು ಬೇಸಿಕ್ ಕೋರ್ಸ್ ಮಾಡಿದವಳು. ಬೆಳಗಿನ ಜಾವ ಎಬ್ಬಿಸಿ ಓಡಿಸುತ್ತಾರೆ. ಬೆನ್ನಿಗೆ ಭಾರದ ಚೀಲ, ನಮ್ಮ ಸಾಮಾನು ನಾವೇ ಹೊರಬೇಕು. ಗಂಟು ಹಾಕುವುದು, ಬಂಡೆ ಹತ್ತುವುದು, ಹಗ್ಗ ಹಿಡಿದು ಇಳಿಯುವುದು, ಹಿಮದಲ್ಲಿ ಜಾರಿದರೆ ಕೊಡಲಿ ಊರಿ ನಿಲ್ಲುವುದು. ಕಣ್ಣು ಮುಚ್ಚಿಕೊಂಡು ಎಂಟರ ಗಂಟು ಹಾಕು ಅಂದರೆ ಈಗಲೂ ಹಾಕುತ್ತೇನೆ.

ಊರಿಗೆ ಬಂದು ಮಲ್ಲಳ್ಳಿ ಕಡೆ ಒಂದು ಗುಂಪು ಕರೆದುಕೊಂಡು ಹೋದೆ. ಅವತ್ತು ಗೊತ್ತಾಯಿತು, ಅಲ್ಲಿ ಕಲಿತಿದ್ದರಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ. ಹಿಮಗೊಡಲಿ ಇಟ್ಟುಕೊಂಡು ಇಲ್ಲಿ ಏನು ಮಾಡಲಿ, ಕಾಫಿ ಗಿಡಕ್ಕೆ ಗುಂಡಿ ತೋಡಲಾ? ಎತ್ತರದ ಕಾಯಿಲೆ ಬಗ್ಗೆ ದಿನಗಟ್ಟಲೆ ಪಾಠ ಮಾಡಿದ್ದರು. ಅದು ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ಮೇಲೆ. ಕೊಡಗಿನಲ್ಲಿ ಅಷ್ಟು ಎತ್ತರದ ಬೆಟ್ಟವೇ ಇಲ್ಲ. ಉಂಬಳದ (ಜಿಗಣೆ) ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಹೊಗೆಸೊಪ್ಪು ನೆನೆಸಿ ಕಾಲಿಗೆ ಹಚ್ಚಲು ಕಲಿಸಿದ್ದು ನಮ್ಮಜ್ಜಿ.

ಆದರೆ ಒಂದು ಸಿಕ್ಕಿತು. ಸುಸ್ತಾದಾಗ, ಚಳಿಯಾದಾಗ, ಹೆದರಿಕೆಯಾದಾಗ ನಾನು ಹೇಗೆ ತಪ್ಪು ಮಾಡುತ್ತೇನೆ ಅಂತ ನನಗೇ ಗೊತ್ತಾಯಿತು. ಇದು ಚಿಕ್ಕದಲ್ಲ.

ಇನ್ನೊಂದು, ತೋಟದವರೇ, ಆ ಹುಡುಗನನ್ನು ಈಗಲೇ ಕೇಳಿಬಿಡಿ. ಮೇ, ಜೂನ್ ಬಂದರೆ ನಮ್ಮಂಥವರು ಹಿಮಾಲಯಕ್ಕೆ ಹೊರಡುತ್ತೇವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೆ. ಚಳಿಗಾಲದಲ್ಲಿ ಮಾತ್ರ ಸಹ್ಯಾದ್ರಿ. ಎರಡೂ ಕಡೆ ದುಡಿದರೇ ಹೊಟ್ಟೆ ತುಂಬುವುದು.

ಹೆಣ್ಣು ಗೈಡ್ ಕಂಡರೆ ಜನ ಈಗಲೂ "ನಿಮ್ಮ ಜೊತೆ ಯಾರೂ ಬಂದಿಲ್ವಾ?" ಅಂತ ಕೇಳುತ್ತಾರೆ. ಬಂದಿದ್ದಾರೆ ಸರ್, ನೀವೇ ಹದಿನೈದು ಜನ.

ಇರ್ಪು ಕಡೆಯವನು

ನಾನು ಬರೆಯುವುದು ನಿಧಾನ. ತಪ್ಪಿದ್ದರೆ ಕ್ಷಮಿಸಿ.

ಬ್ರಹ್ಮಗಿರಿ ದಾರಿಯಲ್ಲಿ ಹದಿನಾಲ್ಕು ವರ್ಷದಿಂದ ಜನರ ಜೊತೆ ನಡೆಯುತ್ತಿದ್ದೇನೆ. ಜಲಪಾತದಿಂದ ನರಿಮಲೆ, ಅಲ್ಲಿಂದ ಮೇಲೆ ಕೇರಳದ ಗಡಿ. ನನ್ನ ಹತ್ತಿರ ಕಾಗದ ಇಲ್ಲ. ಗೊತ್ತಿರುವುದು ಹೇಳುತ್ತೇನೆ.

ಬೆಂಗಳೂರಿನ ಅಣ್ಣ ಚೆಂದದ ಕಾಲುದಾರಿ ಅಂದರಲ್ಲ, ಅದು ಕಾಟಿ (ಕಾಡುಕೋಣ) ನಡೆದ ದಾರಿ ಇರಬೇಕು. ಹುಲ್ಲುಗಾವಲಲ್ಲಿ ಕಾಟಿಯ ದಾರಿ ಮನುಷ್ಯರ ದಾರಿಗಿಂತ ಅಗಲ, ಚೊಕ್ಕ. ಮಂಜಿನಲ್ಲಿ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದು ನೀರಿಗೆ ಹೋಗುತ್ತದೆ, ಇಲ್ಲ ಮೇವಿಗೆ ಹೋಗುತ್ತದೆ. ಊರಿಗೆ ಹೋಗುವುದಿಲ್ಲ. ಕಾಡಿನೊಳಗೆ ಇದು ಉಲ್ಟಾ. ಅಲ್ಲಿ ತರಗೆಲೆ ಬಿದ್ದು ದಾರಿಯೇ ಕಾಣುವುದಿಲ್ಲ. ಮರ ನೋಡಿ ನಡೆಯಬೇಕು.

ಆನೆಗೆ ಬೈನೆ ಅಂದರೆ ಪ್ರಾಣ. ಮರ ಸೀಳಿ ಬಿದ್ದಿದ್ದರೆ ಮುಟ್ಟಿ ನೋಡುತ್ತೇನೆ. ಒಳಗಿನ ತಿರುಳು ಬಿಳಿ ಇದ್ದು ಒದ್ದೆ ಇದ್ದರೆ ಆನೆ ಹತ್ತಿರದಲ್ಲೇ ಇದೆ. ಕಂದು ತಿರುಗಿದ್ದರೆ ಹೋಗಿ ಹೊತ್ತಾಯಿತು. ಲದ್ದಿಯೂ ಹಾಗೇ. ಗಾಳಿ ಯಾವ ಕಡೆಯಿಂದ ಅಂತ ನೋಡುತ್ತೇನೆ. ಅನುಮಾನ ಬಂದರೆ ವಾಪಸ್. ಆಗ ಗಲಾಟೆ ಶುರು. ದುಡ್ಡು ಕೊಟ್ಟಿದ್ದೇವೆ ಅಂತಾರೆ. ಆನೆಗೆ ಕೊಟ್ಟಿಲ್ಲವಲ್ಲ.

2018ರ ಆಗಸ್ಟ್ ಆದ ಮೇಲೆ ಇನ್ನೊಂದು ನೋಡುವುದು ಕಲಿತೆವು. ಮಕ್ಕಂದೂರು ಕಡೆ ಬರೆ (ಗುಡ್ಡದ ಬದಿ) ಜರಿದು ಏನಾಯಿತು ಅಂತ ನಿಮಗೆಲ್ಲ ಗೊತ್ತು. ಮಳೆ ಹಿಡಿದ ಮೇಲೆ ತಿಳಿಯಾಗಿ ಬರುವ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಆ ಬದಿಗೆ ಕಾಲಿಡುವುದಿಲ್ಲ.

ಕೋರ್ಸ್ ಮಾಡಿದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಬೇರೆ ಕಡೆ. ಅವರು ಬಂದರೆ 'ಲೀಡರ್'. ನಾನು ದಾರಿ ತೋರಿಸುತ್ತಾ ಮುಂದೆ ನಡೆದರೂ 'ಲೋಕಲ್'. ಸಂಬಳ ಅವರ ಮೂರನೇ ಒಂದು ಭಾಗ, ಅದರ ಮೇಲೆ ಊಟದ ಪಾತ್ರೆ ಹೊರುವುದು ನಾನು.

ಮ್ಯಾಪ್ ಸಾಕು

ಸರಿ ಅಣ್ಣ. ಕಾಟಿ ದಾರಿ ವಿಷಯ ನನಗೆ ಗೊತ್ತಿರಲಿಲ್ಲ. ನಾನೂ ಒಮ್ಮೆ ಕೋಟೆ ಬೆಟ್ಟದಲ್ಲಿ ಅಂಥದ್ದೇ ದಾರಿಯಲ್ಲಿ ಹೋಗಿ ತೊರೆಯ ಹತ್ತಿರ ಇಳಿದಿದ್ದೆ. ಮ್ಯಾಪ್ ತಪ್ಪು ಅಂದುಕೊಂಡಿದ್ದೆ.

ಮಡಿಕೇರಿ ನರ್ಸ್

ಎಲ್ಲರೂ ದಾರಿ, ಆನೆ ಅಂತ ಹೇಳುತ್ತಿದ್ದೀರಿ. ದಾರಿ ತಪ್ಪದೆಯೂ ಜನ ಬೀಳುತ್ತಾರೆ. ನಾವು ನೋಡುವುದು ಅವರನ್ನೇ.

ತೋಟದವರೇ, ಇಬ್ಬರಿಗೂ ಈ ಪ್ರಶ್ನೆಗಳನ್ನು ಕೇಳಿ. ಹಾವು ಕಚ್ಚಿದರೆ ಏನು ಮಾಡುತ್ತೀರಿ? ಕಚ್ಚಿದ ಜಾಗ ಕುಯ್ಯುತ್ತೇನೆ, ಬಾಯಲ್ಲಿ ಹೀರುತ್ತೇನೆ, ಹಗ್ಗ ಬಿಗಿಯುತ್ತೇನೆ ಅಂದರೆ ಅವರಿಗೆ ಯಾವ ಸರ್ಟಿಫಿಕೇಟ್ ಇದ್ದರೂ ಬೇಡ. ಕೈಕಾಲು ಅಲ್ಲಾಡದ ಹಾಗೆ ಇಟ್ಟು, ಉಂಗುರ, ಗೆಜ್ಜೆ ತೆಗೆದು, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ತರಬೇಕು. ನಮ್ಮ ದೇಶದಲ್ಲಿ ಸಿಗುವ ವಿಷದ ಮದ್ದು ನಾಲ್ಕು ಹಾವುಗಳಿಗೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ಕಾಡಿನ ಗುಳಿಮಂಡಲಗಳು, ಕಾಳಿಂಗ ಇದರಲ್ಲಿ ಇಲ್ಲ. ಹಾಗಾಗಿ ಇಲ್ಲಿ ಕಾಲು ಎಲ್ಲಿ ಇಡುತ್ತೇವೆ ಅಂತ ನೋಡಿಕೊಳ್ಳುವುದೇ ದೊಡ್ಡ ಮದ್ದು.

ಎರಡನೆಯದು ಚಳಿ. ಕೊಡಗಿನಲ್ಲಿ ಹಿಮ ಇಲ್ಲ, ಮೈ ತಣ್ಣಗಾಗಿ ಅಪಾಯ ಆಗುವುದಿಲ್ಲ ಅಂತ ಅಂದುಕೊಂಡಿದ್ದಾರೆ. ಮಳೆಯಲ್ಲಿ ನೆನೆದು, ಮೇಲಿನ ಗಾಳಿಗೆ ಸಿಕ್ಕಿ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋಗಬಹುದು. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ಜೊತೆಯವರು ತಮಾಷೆ ಮಾಡುತ್ತಾ ವಿಡಿಯೋ ತೆಗೆಯುತ್ತಾರೆ. ಗೈಡ್ ಆದವನಿಗೆ ಅಲ್ಲೇ ಗೊತ್ತಾಗಬೇಕು. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹಾಕಿ, ಗಾಳಿ ಬೀಸದ ಕಡೆ ಕೂರಿಸಿ ಸಿಹಿಯಾದ ಬಿಸಿ ಏನಾದರೂ ಕುಡಿಸಬೇಕು. ಬ್ರಾಂದಿ ಅಲ್ಲ. ಇದನ್ನು ಕೊಡಗಿನಲ್ಲಿ ಕೂತು ಬರೆಯುವುದು ಧೈರ್ಯದ ಕೆಲಸ, ಗೊತ್ತು.

ಆಸ್ಪತ್ರೆ ದೂರ ಇರುವ ಕಡೆಯ ಪ್ರಥಮ ಚಿಕಿತ್ಸೆಗೆ ಅಂತಲೇ ತರಬೇತಿ ಇದೆ. ಎರಡು ದಿನದ್ದೂ ಇದೆ, ಎಂಟು-ಹತ್ತು ದಿನದ ದೊಡ್ಡ ಕೋರ್ಸೂ ಇದೆ. ಅದರ ಸರ್ಟಿಫಿಕೇಟ್‌ಗೆ ಅವಧಿ ಇರುತ್ತದೆ, ಮತ್ತೆ ಮಾಡಬೇಕು. ಹುಡುಗನ ಪ್ಲಾಸ್ಟಿಕ್ ಕವರ್‌ನಲ್ಲಿ ಅದಿದೆಯಾ ನೋಡಿ. ಇದ್ದರೆ ತಾರೀಕು ನೋಡಿ.

ಶನಿವಾರದ ಚಾರಣಿಗ, ಬೆಂಗಳೂರು

ಒಂದು ಡೌಟು. ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿಸುವವರೂ ಗೈಡೇ ಅಲ್ವಾ? ಅದೇ ಹುಡುಗರು ಚಾರಣಕ್ಕೂ ಬರುತ್ತೇವೆ ಅಂತಾರೆ.

ಮಾಜಿ ಸೈನಿಕ, ವಿರಾಜಪೇಟೆ

ನೀರಿನ ಕೆಲಸ ಪೂರ್ತಿ ಬೇರೆ. ಈಜು, ಎಸೆಯುವ ಹಗ್ಗ, ಸುಳಿ ಓದುವುದು. ಅದರಲ್ಲಿ ಗಟ್ಟಿ ಇದ್ದವನು ಬೆಟ್ಟದಲ್ಲೂ ಗಟ್ಟಿ ಅಂತ ಏನಿಲ್ಲ. ಬಸ್ ಓಡಿಸುವವನಿಗೆ ಟ್ರ್ಯಾಕ್ಟರ್ ಕೊಟ್ಟ ಹಾಗೆ. ಓಡಿಸಬಹುದು, ಗದ್ದೆ ಉಳುವುದು ಕಲಿಯಬೇಕು.

ತೋಟದವರು ಅರಣ್ಯ ಇಲಾಖೆಯ ನಿಯಮ ಮೊದಲು ನೋಡಿಕೊಳ್ಳಲಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದ್ದರು. ಆಮೇಲೆ ಬುಕಿಂಗ್‌ಗೆ ಅರಣ್ಯ ವಿಹಾರ ವೆಬ್‌ಸೈಟ್ ಬಂತು. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ಮುಚ್ಚುತ್ತಾರೆ, ಮಳೆಗಾಲದಲ್ಲೂ ಮುಚ್ಚುವುದುಂಟು. ನಿಮ್ಮ ಗೈಡ್ ಎಷ್ಟೇ ಜಾಣ ಆಗಿದ್ದರೂ ಗೇಟಿನಲ್ಲಿ ಟಿಕೆಟ್ ಕೇಳುತ್ತಾರೆ.

ಕಕ್ಕಬ್ಬೆ ತೋಟದವ (ಮೂರು ವಾರದ ನಂತರ)

ತಡವಾಯಿತು. ನಡುವೆ ಮಳೆ, ಮೆಣಸಿನ ಬಳ್ಳಿಗೆ ರೋಗ, ಒಂದು ಮದುವೆ.

ಸುಬೇದಾರ್ ಸರ್ ಹೇಳಿದ ಪರೀಕ್ಷೆ ಮಾಡಿದೆ.

ಹುಡುಗ ಹೊರಡುವ ಮೊದಲೇ ನೀವು ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದ. ಬಿಪಿ ಮಾತ್ರೆ ಅಂದೆ. ಇವತ್ತು ತಗೊಂಡ್ರಾ ಅಂದ. ತಗೊಂಡಿರಲಿಲ್ಲ! ವಾಪಸ್ ಮನೆಗೆ ಕಳಿಸಿದ. ಮೊದಲ ಗಂಟೆಯಲ್ಲಿ 19 ಸಲ ತಿರುಗಿ ನೋಡಿದ. ನರ್ಸ್ ಅಕ್ಕ ಹೇಳಿದ ಸರ್ಟಿಫಿಕೇಟ್ ಅವನ ಹತ್ತಿರ ಇದೆ, ಮುಂದಿನ ವರ್ಷದವರೆಗೆ ಅವಧಿಯೂ ಇದೆ. ಹಾವಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ. ಆದರೆ ಕಾಡಿನ ಅಂಚಿನಲ್ಲಿ ಒಂದು ಬೈನೆ ಸೀಳಿ ದಾರಿಗೆ ಅಡ್ಡ ಬಿದ್ದಿತ್ತು. ಅದರ ಮೇಲೆ ಕಾಲಿಟ್ಟು ದಾಟಿ ಹೋಗಿಬಿಟ್ಟ. ನಾನು ನಿಂತು ಮುಟ್ಟಿ ನೋಡಿದೆ. ಕಂದು ಆಗಿತ್ತು, ಪುಣ್ಯ.

ಹಿರಿಯರು ಮುಂದೆ ಹೋದವರು ಕಾಣಿಸಲೇ ಇಲ್ಲ. ಗಂಟೆಗೆ ಮೂರು ಸಲ ತಿರುಗಿದರು, ಅದರಲ್ಲಿ ಎರಡು ಸಲ ಎಲೆ ಅಡಿಕೆ ಉಗಿಯಲು. ಆಮೇಲೆ ಒಂದು ತಿರುವಿನಲ್ಲಿ ಕೈ ಎತ್ತಿ ನಿಂತರು. ಮಾತಿಲ್ಲ. ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಐದು ನಿಮಿಷ ಹಾಗೇ ನಿಂತೆವು. ಕೆಳಗಿನ ಬಾಣೆಯ (ಗದ್ದೆಗೆ ಸೇರಿದ ಮೇವಿನ ಜಾಗ) ಕಡೆಯಿಂದ ಸುತ್ತು ಹಾಕಿಸಿದರು. ಮೇಲೆ ಹೋದ ಮೇಲೆ, ಮರಿ ಇರುವ ಆನೆ ಅಂದರು. ಹೇಗೆ ಗೊತ್ತಾಯಿತು ಅಂದರೆ, ಗೊತ್ತಾಗುತ್ತದೆ ಅಂದರು.

ನಾನು ಬಿದ್ದು ಕಾಲು ಮುರಿದುಕೊಂಡರೆ ಏನು ಮಾಡುತ್ತೀರಿ ಅಂತ ಕೇಳಿದೆ. ಹೊತ್ತುಕೊಂಡು ಬರುತ್ತೇನೆ ಅಂದರು. ನನ್ನ ತೂಕ 92 ಕೆ.ಜಿ.

ಕೊನೆಗೆ ಹಿರಿಯರನ್ನೇ ಇಟ್ಟುಕೊಂಡೆ. ಪೂರ್ತಿ ನ್ಯಾಯವಾಗಿ ನೋಡಿದರೆ ಹುಡುಗನದ್ದು ಪರೀಕ್ಷೆಯಲ್ಲಿ ಜಾಸ್ತಿ ಅಂಕ. ಆದರೆ ಅವನಿಗೆ ಪ್ರಥಮ ಚಿಕಿತ್ಸೆಯನ್ನು ಎಂಟು-ಹತ್ತು ದಿನದಲ್ಲಿ ಯಾರೋ ಕಲಿಸಿದ್ದಾರೆ. ಇವರಿಗೆ ಗೊತ್ತಿರುವುದನ್ನು ಅವನಿಗೆ ಅಷ್ಟು ದಿನದಲ್ಲಿ ಕಲಿಸಲು ನನಗೆ ಯಾರೂ ಸಿಗುವುದಿಲ್ಲ. ನಾವು ಅಕ್ಕಪಕ್ಕದ ಮೂರು ಹೋಂಸ್ಟೇಯವರು ಸೇರಿ ದುಡ್ಡು ಹಾಕಿ ಅವರನ್ನೂ ಇನ್ನಿಬ್ಬರನ್ನೂ ಎರಡು ದಿನದ ಚಿಕಿತ್ಸೆಯ ತರಬೇತಿಗೆ ಕಳಿಸಿದೆವು. ಎಂಟು ಜನಕ್ಕಿಂತ ದೊಡ್ಡ ಗುಂಪು ಬಂದರೆ ಹಾಸನದ ಹುಡುಗನನ್ನೂ ಕರೆಸುತ್ತೇನೆ, ಫೆಬ್ರವರಿವರೆಗೆ ಸಿಗುತ್ತಾನೆ. ಇಬ್ಬರಿಗೂ ಒಂದೇ ಕೂಲಿ. ಇರ್ಪು ಅಣ್ಣ ಬರೆದಿದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ನಾನೂ ಮೂರನೇ ಒಂದು ಭಾಗವೇ ಯೋಚಿಸಿದ್ದೆ.

ಈಗ ತೊಂದರೆ ನನ್ನದೇ. ಚಾರಣದ ಸೀಸನ್, ಕಾಫಿ ಕೊಯ್ಲು ಎರಡೂ ಒಂದೇ ಸಮಯ. ಶನಿವಾರ, ಭಾನುವಾರ ಅವರು ಬೆಟ್ಟಕ್ಕೆ ಹೋದರೆ ನನ್ನ ಗಿಡದಲ್ಲಿ ಹಣ್ಣು ಉದುರುತ್ತದೆ. ಮನೆಯವಳು ಲೆಕ್ಕ ತೆಗೆದು ತೋರಿಸಿದಳು. ಆ ಮಾತು ಇಲ್ಲಿ ಬೇಡ.

ಅವರದ್ದೂ ಷರತ್ತು ಇದೆ. ಹುತ್ತರಿ (ನಮ್ಮ ಸುಗ್ಗಿ ಹಬ್ಬ) ದಿನ ಬರುವುದಿಲ್ಲ. ದೇವರಕಾಡಿನ ದಾರಿಯಲ್ಲಿ ಚಪ್ಪಲಿ ಹಾಕಿ ನಡೆಯುವವರ ಜೊತೆ ಬರುವುದಿಲ್ಲ. ಬ್ಲೂಟೂತ್ ಸ್ಪೀಕರ್ ತಂದವರ ಜೊತೆ ಬರುವುದೇ ಇಲ್ಲ.

ಇರ್ಪು ಕಡೆಯವನು

ಒಂದೇ ಕೂಲಿ ಅಂದರಲ್ಲ, ಅದು ಓದಿ ಖುಷಿ ಆಯಿತು. ಪಾತ್ರೆ ಯಾರು ಹೊರುತ್ತಾರೆ?

ಕಕ್ಕಬ್ಬೆ ತೋಟದವ

ಬುತ್ತಿ ಕಟ್ಟಿಕೊಡುತ್ತಿದ್ದೇವೆ ಅಣ್ಣ, ಅವರವರ ಊಟ ಅವರವರ ಚೀಲದಲ್ಲಿ.

ಮಾಜಿ ಸೈನಿಕ, ವಿರಾಜಪೇಟೆ

ಮೂರು ಸಲ ತಿರುಗುವವರು ಸಾಲದು. ಅದಕ್ಕೇನು ಮಾಡಿದಿರಿ?

ಕಕ್ಕಬ್ಬೆ ತೋಟದವ

ಕಾಡಿನ ಭಾಗದಲ್ಲಿ ಎಲ್ಲರೂ ಒಟ್ಟಿಗೆ, ಅವರ ಬೆನ್ನಿಗೇ ನಡೆಯಬೇಕು. ಅಲ್ಲಿ ಶಬ್ದ ಮಾಡುವ ಹಾಗಿಲ್ಲ. ಹುಲ್ಲುಗಾವಲಿಗೆ ಬಂದ ಮೇಲೆ ಕೊನೆಯಲ್ಲಿ ನಡೆಯುವವರ ಕೈಗೆ ಒಂದು ವಿಸಲ್ ಕೊಡುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಊದಬೇಕು. ಕೇಳಿಸದಿದ್ದರೆ ಇವರು ನಿಲ್ಲುತ್ತಾರೆ. ಹುಡುಗನೇ ಹೇಳಿಕೊಟ್ಟ ಉಪಾಯ.

ಮೊದಲ ದಿನ ಅಂಗಳದಲ್ಲಿ ಊದಿ ನೋಡಿದೆವು. ನಮ್ಮ ನಾಯಿಗೆ ಅದು ತನಗೇ ಅಂತ ಅನ್ನಿಸಿದೆ. ಶನಿವಾರ ಚಾರಣದವರ ಹಿಂದೆಯೇ ಹೊರಟಿತ್ತು. ಕಾಡಿಗೆ ನಾಯಿ ಬಂದರೆ ಆನೆಯನ್ನು ಕೆಣಕಿ ನಮ್ಮ ಕಡೆಗೇ ಓಡಿಸಿಕೊಂಡು ಬರುತ್ತದೆ ಅಂತ ಇವರು ಅರ್ಧ ದಾರಿಯಿಂದ ಎಲ್ಲರನ್ನೂ ವಾಪಸ್ ಕರೆದುಕೊಂಡು ಬಂದು, ನಾಯಿ ಕಟ್ಟಿ, ಮತ್ತೆ ಹೊರಟರು. ಒಬ್ಬ ಗೆಸ್ಟ್ ದುಡ್ಡು ವಾಪಸ್ ಕೇಳಿದರು. ಕೊಟ್ಟೆ.